ನಮ್ಮ ಅರವೂ ಅಣ್ಣಯ್ಯನ ಎಂಜಿನೂ

ಕಳೆದ ದೀಪಾವಳಿಯ ಮರುದಿನ ಬೆಳಗ್ಗೆ ಕಾಫಿಯನ್ನು ಮುಗಿಸಿ ನಾವು ಜಗಲಿಯಲ್ಲಿ ಪತ್ರಿಕೆಯನ್ನು ಬಿಡಿಸುತ್ತಿದ್ದ ಹೊತ್ತಿನಲ್ಲಿ, ಬೆಂಗಳೂರಿನಿಂದ ರಾತ್ರಿಯೆಲ್ಲ ಓಡಿ ಬಂದ ಒಂದು ಸಣ್ಣ ಸರಕಿನ ಗಾಡಿಯು ಹೆದ್ದಾರಿಯಿಂದ ಇಳಿದು ನಮ್ಮ ಅಂಗಳದ ತುದಿಯಲ್ಲಿ ನಿಂತಿತು. ನಾವುಂದದಲ್ಲಿ ಮನೆಯಿದ್ದವರಿಗೆ ಹೆದ್ದಾರಿಯ ಸದ್ದೂ ಕಡಲಿನ ಸದ್ದೂ ಒಂದೇ. ಎರಡನ್ನೂ ಕಿವಿಗೊಟ್ಟು ಕೇಳುವ ವಾಡಿಕೆ ತಪ್ಪಿ ಬಹಳ ವರ್ಷಗಳಾದುವು. ಆದುದರಿಂದ ಗಾಡಿ ಬಂದುದು ತಿಳಿದದ್ದು ನಾಯಿ ಬೊಗಳಿದ ಮೇಲೆಯೇ. ಇಳಿದವನು ನಮ್ಮ ಅಣ್ಣಯ್ಯನ ಮೊಮ್ಮಗ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹತ್ತೊಂಬತ್ತರ ಹುಡುಗ. ಗಾಡಿಯ ಮೇಲಿನ ಹೊದಿಕೆಯನ್ನು ಎಳೆದಾಗ ಕಂಡದ್ದೊಂದು ವಿಚಿತ್ರ ವಾಹನ: ಬಾಗಿಲಿಲ್ಲ, ಮಾಡಿಲ್ಲ, ನೆಲದಿಂದ ಎರಡು ಬೆರಳಿನಷ್ಟು ಮೇಲೆ ಆಸನ, ಮಕ್ಕಳ ಆಟದ ಗಾಡಿಯನ್ನು ಯಾವನೋ ಕಮ್ಮಾರನು ಸಿಟ್ಟಿನಲ್ಲಿ ಮಾಡಿದಂತೆ ಬರಿಯ ಕಬ್ಬಿಣದ ಕೊಳವೆಗಳು. ನಮ್ಮ ಮನೆಯವರು ಅದರ ಬೆಲೆಯನ್ನು ಕೇಳಿ, ಆ ಹಣಕ್ಕೆ ಎರಡು ಒಳ್ಳೆಯ ಹಸುಗಳು ಬರುತ್ತಿದ್ದುವೆಂದು ಹೇಳಿ ಒಳಗೆ ಹೋದರು.

ಅದು ಕಾರ್ಟು. 1956ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಆರ್ಟ್ ಇಂಗಲ್ಸ್ ಎಂಬಾತನು, ಹುಲ್ಲು ಕೊಯ್ಯುವ ಯಂತ್ರಕ್ಕೆಂದು ಮಾಡಿದ್ದ ಸಣ್ಣ ಎಂಜಿನನ್ನು ಕೊಳವೆಗಳ ಚೌಕಟ್ಟಿಗೆ ಕಟ್ಟಿ ಓಡಿಸಿದನಷ್ಟೆ. ಅಲ್ಲಿಂದ ಹಬ್ಬಿದ ಈ ಆಟವು ಇಂದು ಬೆಂಗಳೂರಿನ ಮೆಕೊ ಕಾರ್ಟೋಪಿಯದಂಥ ಪಥಗಳಲ್ಲಿ ನಮ್ಮ ಹುಡುಗರಿಗೂ ಹಿಡಿದಿದೆ. ದೊಡ್ಡ ಮೋಟಾರು ಪಂದ್ಯಗಳಿಗೆ ಹೋಗುವವರಲ್ಲಿ ಹೆಚ್ಚಿನವರು ಮೊದಲು ಅಕ್ಷರಾಭ್ಯಾಸ ಮಾಡುವುದು ಕಾರ್ಟಿನಲ್ಲಿಯೇ ಎಂದು ಕೇಳಿದ್ದೇವೆ.

ಹುಡುಗನು ಕಾಲು ತೊಳೆಯುವ ಮುನ್ನವೇ ಬಂದ ಕಾರ್ಯವನ್ನು ಹೇಳಿದನು: "ಅಜ್ಜಯ್ಯ, ನೀವು ಆಗಿನ ಕಾಲದಲ್ಲಿ ಯೆಜ್ಡಿ, ಆರ್‌ಎಕ್ಸ್ ಎಂಜಿನ್‌ಗಳ ಪೋರ್ಟು ತೀಡಿ ರೇಸಿಗೆ ಕೊಡ್ತಿದ್ರಂತೆ. ಅಪ್ಪ ಹೇಳಿದ್ರು. ಇದನ್ನೂ ಸ್ವಲ್ಪ ತೀಡಿ, ಹೆಡ್ಡನ್ನೂ ಸ್ವಲ್ಪ ಇಳಿಸಿಕೊಡಿ."

ಜಗಲಿಯ ಆ ಕೊನೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಹರಿದ ಬಲೆಯ ತುಂಡೊಂದನ್ನು ಹೆಣೆಯುತ್ತಿದ್ದ ಅಣ್ಣಯ್ಯನು ತಲೆಯೆತ್ತಲಿಲ್ಲ. ಎಂಬತ್ತು ತುಂಬಿದವನು, ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು ತನ್ನ ಅನುಕೂಲದಂತೆ ನಿರ್ಧರಿಸುವವನು. ನಾವು ಮಾತ್ರ ಉತ್ತರ ಕೊಡದೆ, ಮೊದಲು ಸ್ನಾನ ಮಾಡಿ ತಿಂಡಿ ತಿನ್ನಬೇಕೆಂದು ಹುಡುಗನನ್ನು ಒಳಗೆ ಕಳುಹಿಸಿದೆವು.

ಈ ತೀಡುವ ವಿದ್ಯೆಯೆಂದರೇನೆಂದು ವಾಚಕರಿಗೆ ಸ್ವಲ್ಪ ಹೇಳಬೇಕಾಗಿದೆ. ಹೇಳದಿದ್ದರೆ ಮುಂದಿನ ಕಥೆ ತಿಳಿಯಲಾರದು. ಟೂ-ಸ್ಟ್ರೋಕ್ ಎಂಜಿನು ಬಹಳ ಬಡ ಯಂತ್ರ. ಕಾರಿನ ಎಂಜಿನಿನಲ್ಲಿ ಇರುವಂತೆ ತೆರೆದು ಮುಚ್ಚುವ ಕವಾಟಗಳು ಇದರ ತಲೆಯಲ್ಲಿಲ್ಲ. ಸಿಲಿಂಡರಿನ ಗೋಡೆಯಲ್ಲಿಯೇ ಕೆಲವು ಕಿಂಡಿಗಳನ್ನು ಕೊರೆದಿರುತ್ತಾರೆ; ಪಿಸ್ಟನು ಮೇಲೆ ಕೆಳಗೆ ಆಡುತ್ತ ತಾನೇ ಅವುಗಳಿಗೆ ಕದವಾಗುತ್ತದೆ. ಒಂದು ಕಿಂಡಿಯಿಂದ ಹೊಗೆ ಹೊರಗೆ, ಉಳಿದವುಗಳಿಂದ ಗಾಳಿಯೂ ಪೆಟ್ರೋಲೂ ಎಣ್ಣೆಯೂ ಕೂಡಿದ ಮಿಶ್ರಣವು ಒಳಗೆ. ಪಿಸ್ಟನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರುವಷ್ಟರಲ್ಲಿ ಒಂದು ಸ್ಫೋಟ. ಸವರುವ ಎಣ್ಣೆಗೆ ಬೇರೆ ತೊಟ್ಟಿಯಿಲ್ಲ. ಸುಡುವ ಇಂಧನದಲ್ಲಿ ಕರಗಿ ಬಂದಷ್ಟೇ ಅದರ ಪಾಲು. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಕಿಂಡಿ ಎಷ್ಟು ಎತ್ತರದಲ್ಲಿದೆಯೋ ಅದೇ ಈ ಎಂಜಿನಿನ ಪಂಚಾಂಗ; ಅದರ ಅಂಚನ್ನು ಅರದಿಂದ ಒಂದು ಕೂದಲೆಳೆ ಮೇಲಕ್ಕೆ ತೀಡಿದರೂ ಎಂಜಿನಿನ ಸ್ವಭಾವವೇ ಬದಲಾಗುವುದು. ಎರಡನೆಯದಾಗಿ, ಇಂಧನ ಕಡಮೆಯಾದರೆ ಎಣ್ಣೆಯೂ ಕಡಮೆಯಾಗಿ, ಕಾದ ಪಿಸ್ಟನು ಗೋಡೆಗೆ ಕಚ್ಚಿಕೊಳ್ಳುವುದು.

ಹೊರಗೆ ಹೋಗುವ ಕಿಂಡಿಯನ್ನು ಎತ್ತರಿಸಿದರೆ ಹೊಗೆ ಬೇಗ ಹೊರಟು, ಎಂಜಿನು ಹೆಚ್ಚು ಸುತ್ತುಗಳಲ್ಲಿ ಹೆಚ್ಚು ಬಲ ಕೊಡುತ್ತದೆ. ಇದನ್ನು ಕಲಿತವನಿಗೆ ಅರವು ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಆ ಬಲವು ಆಕಾಶದಿಂದ ಬಂದದ್ದಲ್ಲ. ಕಡಮೆ ಸುತ್ತಿನಲ್ಲಿದ್ದ ಎಳೆತವನ್ನೇ ಕಿತ್ತು ಮೇಲಕ್ಕೆ ಕಟ್ಟಿದ್ದು. ಓಟದ ಪಥದಲ್ಲಿ ಇದು ಲಾಭ. ಎಲ್ಲೆಲ್ಲಿ ನಷ್ಟವೆಂಬುದನ್ನು ನಾವು ಬೇರೆ ಕಡೆ ಕಲಿತೆವು.

ಎಪ್ಪತ್ತರ ದಶಕದಲ್ಲಿ ನಾವು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದಾಗ ಕರ್ನಾಟಕದ ಬೀದಿಗಳಲ್ಲಿ ಮೈಸೂರಿನ ಸದ್ದೇ ಸದ್ದು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬರುತ್ತಿದ್ದ ಆ ಮೋಟಾರು ಸೈಕಲುಗಳಿಗೆ ಸಿಲಿಂಡರು ಒಂದೇ, ಹೊಗೆಯ ಕೊಳವೆ ಎರಡು. ಸದ್ದನ್ನು ಕೇಳಿಯೇ ಯಾರ ಮನೆಯ ಗಾಡಿಯೆಂದು ಹೇಳುತ್ತಿದ್ದೆವು. 1985ರಲ್ಲಿ ಯಮಾಹಾ ಆರ್‌ಎಕ್ಸ್ 100 ಬಂದಿತು. 98 ಸಿಸಿಯ ಪುಟ್ಟ ಎಂಜಿನು 11 ಕುದುರೆಗಳ ಬಲ ಕೊಡುವುದೆಂದರೆ ನಮಗೆ ಮಂತ್ರದಂತೆ ತೋರಿತು. ಆ ಎರಡು ಗಾಡಿಗಳೂ 1996ರಲ್ಲಿ ನಿಂತುಹೋದುವು. ಆದರೆ ಅವುಗಳ ಸಿಲಿಂಡರುಗಳನ್ನು ತೀಡಿದವರ ಕೈಬೆರಳುಗಳು ಇಂದಿಗೂ ಸುಮ್ಮನಿರುವುದಿಲ್ಲ.

ಆಗಲೇ ನಾವು ವಾಲ್ಟರ್ ಕಾಡನ್ ಎಂಬ ಜರ್ಮನ್ ಎಂಜಿನಿಯರನ ಹೆಸರನ್ನು ಕೇಳಿದ್ದು. ಪೂರ್ವ ಜರ್ಮನಿಯ ಎಂಜಡ್ ಎಂಬ ಬಡ ಕಾರ್ಖಾನೆಯಲ್ಲಿ ಕುಳಿತು ಆತನು, ಹೊಗೆಯ ಕೊಳವೆಯೆಂದರೆ ಹೊಗೆ ಹೋಗುವ ದಾರಿ ಮಾತ್ರವಲ್ಲವೆಂಬುದನ್ನು ಜಗತ್ತಿಗೆ ತೋರಿಸಿದನು. ಕಿಂಡಿ ತೆರೆದೊಡನೆ ಹೊರಬಿದ್ದ ಹೊಗೆಯ ಒತ್ತಡವು ಕೊಳವೆಯೊಳಗೆ ಅಲೆಯಾಗಿ ಓಡುತ್ತದೆ. ಕೊಳವೆ ಅಗಲವಾಗುವ ಭಾಗದಲ್ಲಿ ಆ ಅಲೆಯು ಹಿಂದಕ್ಕೊಂದು ಸೆಳೆತವನ್ನು ಕಳುಹಿಸಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರುತ್ತದೆ. ಮುಂದೆ ಕೊಳವೆ ಕಿರಿದಾಗುವಲ್ಲಿ ಬಡಿದು ಮರಳುವ ಅಲೆಯು, ಹೊಗೆಯ ಹಿಂದೆಯೇ ಜಾರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವುದಕ್ಕೆ ಸರಿಯಾಗಿ ಒಳಕ್ಕೆ ತಳ್ಳುತ್ತದೆ. ನಮ್ಮ ನೆರೆಯ ಮರವಂತೆಯಲ್ಲಿ ಕಲ್ಲಿಗೆ ಬಡಿದ ತೆರೆ ಮರಳಿ ಮುಂದಿನ ತೆರೆಯನ್ನು ಎದುರಿಸುವುದನ್ನು ನೋಡಿದವರಿಗೆ ಇದು ಕಷ್ಟದ ಮಾತಲ್ಲ. ನಿಮಿಷಕ್ಕೆ 12,000 ಸುತ್ತು ತಿರುಗುವ ಎಂಜಿನೆಂದರೆ ಸೆಕೆಂಡಿಗೆ 200 ಸುತ್ತು. ಕಿಂಡಿ ತೆರೆದಿರುವುದು ಅದರಲ್ಲಿ ಸುಮಾರು ಅರ್ಧ, ಎಂದರೆ ಸೆಕೆಂಡಿನ ನಾನೂರರಲ್ಲೊಂದು ಪಾಲು. ಕಾದ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ಅಷ್ಟರೊಳಗೆ ಅದು ಹೋಗಿ ಬರಬೇಕಾದರೆ ಗೋಡೆ ಅರುವತ್ತು ಸೆಂಟಿಮೀಟರಿಗೆ ಹೆಚ್ಚು ದೂರವಿರಬಾರದು! ಕೊಳವೆಯ ಉದ್ದ ಒಂದೇ ಇರುವುದರಿಂದ ಈ ಲೆಕ್ಕವು ಕೆಲವೇ ಸುತ್ತುಗಳ ಮಿತಿಯಲ್ಲಿ ಸರಿಹೊಂದುವುದು. ಅದರ ಕೆಳಗೆ ಎಂಜಿನು ಜೋಲುಮೋರೆ ಹಾಕುವುದು. 1961ರಲ್ಲಿ ಕಾಡನನ 125 ಸಿಸಿಯ ಎಂಜಿನು 25 ಕುದುರೆಗಳ ಬಲ ಕೊಟ್ಟಿತು. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ ಆ ವಿದ್ಯೆಯನ್ನು ಜಪಾನಿನ ಸುಜುಕಿಯವರಿಗೆ ಮುಟ್ಟಿಸಿ, 1962ರಲ್ಲಿ ಅವರ ಗಾಡಿಯ ಮೇಲೆಯೇ ಜಗಜ್ಜೆಟ್ಟಿಯಾದನು. ಕಾಡನನು ಮಾತ್ರ ತನ್ನ ಊರಿನಲ್ಲಿಯೇ ಉಳಿದನು.

ಇಂಥ ಕಥೆಗಳನ್ನು ಕೇಳಿ ನಮ್ಮ ತಲೆ ಸ್ವಲ್ಪ ತಿರುಗಿತ್ತೆಂದು ಒಪ್ಪಿಕೊಳ್ಳಲೇ ಬೇಕು. 1988ರ ಮಳೆಗಾಲಕ್ಕೆ ಮುಂಚೆ ಗ್ಯಾರೇಜು ಬಿಟ್ಟು ಊರಿಗೆ ಬಂದೆವು. ಅಣ್ಣಯ್ಯನು ಪಾಲುದಾರರೊಡನೆ ನಾಡದೋಣಿಯಲ್ಲಿ ಮೀನು ಹಿಡಿಯುತ್ತಿದ್ದನು. ಹಿಂದಿನ ವರ್ಷವಷ್ಟೇ ಅತ್ತಿಗೆಯ ಅವಲಕ್ಕಿ ಸರವನ್ನು ಅಡವಿಟ್ಟು ಹೊಸ ಬಲೆಯನ್ನೂ, ದೋಣಿಯ ಹಿಂದೆ ಕಟ್ಟುವ ಒಂದು ಹಳೆಯ ಎಂಜಿನನ್ನೂ ಕೊಂಡಿದ್ದನು. ಅದು ಪೆಟ್ರೋಲಿನಲ್ಲಿ ಹೊರಟು, ಬಿಸಿಯಾದ ಮೇಲೆ ಸೀಮೆ ಎಣ್ಣೆಯಲ್ಲಿ ಓಡುವ ಜಾತಿಯದು. ಮಳೆಗಾಲದಲ್ಲಿ ದೊಡ್ಡ ಟ್ರಾಲ್ ದೋಣಿಗಳು ದಡದಲ್ಲಿರುವಾಗ ನಾಡದೋಣಿಯವರಿಗೆ ಸುಗ್ಗಿ. ಸಿಗಡಿಯೂ ಬಂಗುಡೆಯೂ ದಡದ ಹತ್ತಿರ ಬರುವ ಆ ಕೆಲವು ವಾರಗಳಲ್ಲಿ ವರ್ಷದ ಅನ್ನವನ್ನು ದುಡಿದುಕೊಳ್ಳಬೇಕು. ಅಣ್ಣಯ್ಯನು ಒಂದು ಸಂಜೆ, ನೆರೆಯ ದೋಣಿಯು ತನ್ನದಕ್ಕಿಂತ ಮುಂಚೆ ಮೀನಿನ ಹಿಂಡನ್ನು ತಲುಪಿತೆಂದು ಬೇಸರಪಟ್ಟನು. ಅಷ್ಟೇ ಸಾಕಾಯಿತು. ಅವನಿಗೆ ಹೇಳದೆ, ಅವನು ನಂಟರ ಮನೆಗೆ ಹೋಗಿದ್ದ ಎರಡು ರಾತ್ರಿ ಕೊಟ್ಟಿಗೆಯಲ್ಲಿ ಲಾಟೀನು ಹಚ್ಚಿ, ಹೊಗೆಯ ಕಿಂಡಿಯನ್ನು ಒಂದು ಮಿಲ್ಲಿಮೀಟರಿಗೂ ಮೇಲೆ ತೀಡಿದೆವು. ಅದೂ ಸಾಲದೆಂದು ಹೆಡ್ಡಿನ ಎದ್ದ ಜಾಗಗಳನ್ನು ಅರದಿಂದ ಇಳಿಸಿ, ಗಾಜಿನ ಮೇಲೆ ಮರಳು ಕಾಗದವನ್ನಿಟ್ಟು ಉಜ್ಜಿ ಉಜ್ಜಿ ತೆಳುಮಾಡಿ ಒತ್ತಡವನ್ನು ಹೆಚ್ಚಿಸಿದೆವು. ಪೀಪಾಯಿಯ ನೀರಿನಲ್ಲಿ ಪೆಟ್ರೋಲು ಹಾಕಿ ಓಡಿಸಿ ನೋಡಿದಾಗ ಎಂಜಿನು ಹಾಡಿತು. ಅಣ್ಣಯ್ಯನಿಗೆ ಸಂತೋಷದ ಬೆರಗನ್ನು ಕೊಡಬೇಕೆಂದು ನಾವು ಬಾಯಿ ಬಿಡಲಿಲ್ಲ.

ನಾವು ಮರೆತದ್ದು ಸೀಮೆ ಎಣ್ಣೆಯನ್ನು. ಪೆಟ್ರೋಲು ತಾಳುವ ಒತ್ತಡವನ್ನು ಅದು ತಾಳದು. ಕಿಡಿ ಹೊತ್ತಿಸಿದ ಉರಿ ತಲುಪುವ ಮುನ್ನವೇ ಮೂಲೆಯಲ್ಲಿದ್ದ ಮಿಶ್ರಣವು ತಾನೇ ಸಿಡಿದು ಪಿಸ್ಟನಿನ ನೆತ್ತಿಯ ಮೇಲೆ ಸುತ್ತಿಗೆಯಂತೆ ಬಡಿಯುವುದು. ಅದಕ್ಕಾಗಿಯೇ ಅಂಥ ಎಂಜಿನುಗಳಲ್ಲಿ ಒತ್ತಡವನ್ನು ಬೇಕೆಂದೇ ಕಡಮೆ ಇಟ್ಟಿರುತ್ತಾರೆ. ಮಾಡಿದವರು ಬುದ್ಧಿಯಿಲ್ಲದೆ ಬಿಟ್ಟ ಜಾಗವೆಂದು ನಾವು ತಿಳಿದದ್ದು, ಬುದ್ಧಿಯಿಂದಲೇ ಬಿಟ್ಟ ಜಾಗವಾಗಿತ್ತು. ಕಿಂಡಿಯ ವಿಷಯವೂ ಹಾಗೆಯೇ. ಬಲೆ ತುಂಬಿದ ದೋಣಿಯು ತೆರೆಗಳನ್ನು ದಾಟಬೇಕಾದರೆ ಬೇಕಾದದ್ದು ಕಡಮೆ ಸುತ್ತಿನ ಎಳೆತ. ನಾವು ಕಿತ್ತುಹಾಕಿದ್ದು ಅದನ್ನೇ.

ಮೂರನೆಯ ದಿನ ದೋಣಿ ಮರಳಿ ದಡಕ್ಕೆ ಬರುವಾಗ ಎಂಜಿನು ತೆರೆಯ ನಡುವೆ ಕಟಕಟನೆ ಸದ್ದು ಮಾಡಿ ನಿಂತಿತು. ದೋಣಿ ಅಡ್ಡ ತಿರುಗಿತು. ಎಲ್ಲರೂ ಈಜಿ ಬಂದರು, ದೇವರು ದೊಡ್ಡವನು. ಆದರೆ ಒಬ್ಬ ಪಾಲುದಾರನ ಮುಂಗೈ ಮುರಿಯಿತು, ಬಲೆ ಕಡಲಿನ ಪಾಲಾಯಿತು. ಅಣ್ಣಯ್ಯನು ಎಂಜಿನನ್ನು ತಾನೇ ಹೊತ್ತು ಗಂಗೊಳ್ಳಿಗೆ ಒಯ್ದು ಬಿಚ್ಚಿಸಿದನು. ನಡುವೆ ತೂತು ಬಿದ್ದ ಪಿಸ್ಟನನ್ನು ತಂದು ನಮ್ಮ ಕೈಯಲ್ಲಿಟ್ಟು, "ಹಳೇ ಎಂಜಿನ್, ಎಂತ ಮಾಡೂದ್" ಎಂದಷ್ಟೇ ಹೇಳಿದನು. ಪಾಲುದಾರರಿಗೂ ಅದನ್ನೇ ಹೇಳಿದನು. ಅತ್ತಿಗೆಯ ಸರವು ಮನೆಗೆ ಮರಳಲಿಲ್ಲ. ನಾವು ಬಾಯಿ ತೆರೆಯಬೇಕೆಂದುಕೊಂಡ ದಿನಗಳಿಗೆ ಲೆಕ್ಕವಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಅದೂ ನಿಂತಿತು.

ಇಷ್ಟನ್ನು ಹುಡುಗನಿಗೆ ಹೇಳುವ ಧೈರ್ಯ ನಮಗಿರಲಿಲ್ಲ. ತಿಂಡಿ ಮುಗಿದ ಮೇಲೆ ಬೇರೆ ಕಾರಣಗಳನ್ನು ಹೇಳಿದೆವು. ಅವನು ಪಂದ್ಯಕ್ಕೆ ಬಳಸುವುದು ರೋಟ್ಯಾಕ್ಸ್ ಮ್ಯಾಕ್ಸ್ ಎಂಬ ಆಸ್ಟ್ರಿಯ ದೇಶದ 125 ಸಿಸಿ ಎಂಜಿನು. ಅದಕ್ಕೆ ಮೊಹರು ಹಾಕಿರುತ್ತಾರೆ, ಮೊಹರು ಒಡೆದರೆ ಪಂದ್ಯಕ್ಕಿಲ್ಲ. ಎಲ್ಲರ ಎಂಜಿನೂ ಒಂದೇ ಸಮವಿರಲೆಂದು ಈ ಕಟ್ಟಳೆ. ಇಲ್ಲಿಗೆ ತಂದದ್ದು ಅಭ್ಯಾಸಕ್ಕೆಂದು ಇಟ್ಟುಕೊಂಡ, ಮೊಹರಿಲ್ಲದ ಹಳೆಯ ಎಂಜಿನು. ಇದನ್ನು ತೀಡಿ ಇದರ ಮೇಲೆ ಕೈ ಪಳಗಿಸಿದರೆ ಪಂದ್ಯದ ಎಂಜಿನಿನ ಮೇಲೆ ಕೈ ತಪ್ಪುವುದೆಂದೆವು. ಹುಡುಗನು ಒಪ್ಪಲಿಲ್ಲ. ಯೌವನದಲ್ಲಿ ನಾವಾಗಿದ್ದರೂ ಒಪ್ಪುತ್ತಿರಲಿಲ್ಲ. ಅವನು ನಮ್ಮ ಹಳೆಯ ಪೆಟ್ಟಿಗೆಯನ್ನು ತೆರೆದು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅರವನ್ನು ತಾನೇ ಹುಡುಕಿ ತಂದು ಜಗಲಿಯ ಮೇಲೆ ಇಟ್ಟನು.

ಆಗ ಅಣ್ಣಯ್ಯನು, ಹೆಣಿಗೆಯಿಂದ ಕಣ್ಣು ತೆಗೆಯದೆಯೇ ಹೇಳಿದನು: "ಅದ್ರ್ ಮಂಡಿ ಕೆರೂದ್ ಬ್ಯಾಡ ಮಗಾ. ಮಂಡಿ ಕೆರಿದ್ರ್ ಎಂತ ಆತ್ತ್ ಅಂದೇಳಿ ನಂಗ್ ಗೊತ್ತಿತ್ತ್."

ಹುಡುಗನಿಗೆ ಇದು ಮುದುಕರ ಮಾತೆಂದು ತೋರಿ ನಕ್ಕನು. ನಮಗೆ ಮಾತ್ರ ಜಗಲಿಯ ನೆಲವು ದೋಣಿಯ ಹಲಗೆಯಂತೆ ಒಮ್ಮೆ ಓಲಾಡಿತು. ಗಂಗೊಳ್ಳಿಯಲ್ಲಿ ಹೆಡ್ಡನ್ನು ಬಿಚ್ಚಿದಾಗ ಎದುರಿಗಿದ್ದವನು ಅಣ್ಣಯ್ಯನೇ ಅಲ್ಲವೆ? ಅರದ ಗೆರೆಗಳು ಹೊಸದಾಗಿ ಹೊಳೆಯುತ್ತಿದ್ದಿರಬೇಕು. ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಅವನು ಒಂದೇ ಜಗಲಿಯಲ್ಲಿ ನಮ್ಮೊಡನೆ ಕುಳಿತು ಊಟ ಮಾಡಿದ್ದನು. ನಾವು ಅರವನ್ನು ಮರಳಿ ಬಟ್ಟೆಯಲ್ಲಿ ಸುತ್ತಿದೆವು, ಹುಡುಗನು ತಡೆಯಲಿಲ್ಲ. ನಮ್ಮ ಮುಖದಲ್ಲಿ ಏನನ್ನು ಕಂಡನೋ ತಿಳಿಯದು.

ಸಂಜೆ ಕಾರ್ಟನ್ನು ಸಮೀಪದ ಮುಚ್ಚಿದ ಅಕ್ಕಿಗಿರಣಿಯೊಂದರ ಸಿಮೆಂಟು ಅಂಗಳಕ್ಕೆ ಒಯ್ದೆವು. ಅಣ್ಣಯ್ಯನೂ ಕೋಲೂರಿಕೊಂಡು ಬಂದನು. ಹುಡುಗನು ಎರಡು ಸುತ್ತು ಓಡಿಸಿದನು. ಆ ಕಿರುಚಿಗೆ ಅಂಗಳದ ಕಾಗೆಗಳೆಲ್ಲ ಎದ್ದು, ಆಚೆಯ ಮನೆಯವರೊಬ್ಬರು ಯಾರಿಗೆ ಏನಾಯಿತೆಂದು ಕೇಳಿಕೊಂಡು ಬಂದರು. ಮೂರನೆಯ ಸುತ್ತಿನಲ್ಲಿ ಅಣ್ಣಯ್ಯನು ಕೋಲನ್ನೆತ್ತಿ ನಿಲ್ಲಿಸೆಂದು ಸನ್ನೆ ಮಾಡಿದನು.

"ಅದ್ಕ್ ಉಂಬುಕೆ ಸಾಕಾತಿಲ್ಲೆ" ಎಂದನು.

ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿ ಸುಣ್ಣದಂತೆ ಬೆಳ್ಳಗಿತ್ತು. ಮುದುಕನ ಕಿವಿಯಲ್ಲಿ ಏನೇನಿದೆಯೋ! ಕಾರಣವನ್ನು ನಾವು ಬೆಳಗ್ಗೆಯೇ ಊಹಿಸಬೇಕಾಗಿತ್ತು. ಬೆಂಗಳೂರು ಕಡಲಿನಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ಗಾಳಿ ನಮ್ಮ ಊರಿನ ಗಾಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟೆಂಬ ಹಿತ್ತಾಳೆಯ ಸಣ್ಣ ತೂತನ್ನು ಅಲ್ಲಿಯ ಗಾಳಿಗೆ ಹೊಂದಿಸಿ ತಂದು, ಇಲ್ಲಿಯ ದಪ್ಪ ಗಾಳಿಯಲ್ಲಿ ಓಡಿಸಿದರೆ ಗಾಳಿ ಹೆಚ್ಚಿದಷ್ಟು ಪೆಟ್ರೋಲು ಹೆಚ್ಚುವುದಿಲ್ಲ. ಕರಾವಳಿಯ ಸೆಕೆಯೂ ನೀರಾವಿಯೂ ಈ ಅಂತರವನ್ನು ಸ್ವಲ್ಪ ತಗ್ಗಿಸುವುದುಂಟು, ಪೂರ್ತಿ ತಗ್ಗಿಸುವುದಿಲ್ಲ. ಸಾಲದ್ದಕ್ಕೆ ಈಗಿನ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ವರೆಗೆ ಎಥನಾಲು. ಅದಕ್ಕೆ ಇನ್ನೂ ಸ್ವಲ್ಪ ದೊಡ್ಡ ತೂತು ಬೇಕು, ಮತ್ತು ಅದು ಗಾಳಿಯ ನೀರನ್ನು ಕುಡಿಯುವುದರಿಂದ ನಮ್ಮಂಥ ಊರಿನಲ್ಲಿ ಡಬ್ಬಿಯನ್ನು ಬಾಯಿ ತೆರೆದು ಇಡಕೂಡದು. ಇನ್ನೆರಡು ಸುತ್ತು ಓಡಿಸಿದ್ದರೆ ಪಿಸ್ಟನು ಕಚ್ಚುತ್ತಿತ್ತು. ಓಡುವ ಕಾರ್ಟಿನಲ್ಲಿ ಎಂಜಿನು ಕಚ್ಚಿದರೆ ಹಿಂದಿನ ಗಾಲಿಗಳೇ ಬಿಗಿದು ನಿಲ್ಲುವುದುಂಟು.

ಹುಡುಗನ ಡಬ್ಬಿಯಲ್ಲಿ ಜೆಟ್ಟುಗಳು ಸಾಲಾಗಿದ್ದುವು. ಅಲ್ಲಿಯ 155ನ್ನು ತೆಗೆದು 165ನ್ನು ಹಾಕಿಸಿದೆವು. ಅಂಕಿಯೆಂದರೆ ತೂತಿನ ಅಗಲ, ಮಿಲ್ಲಿಮೀಟರಿನ ನೂರರಲ್ಲೊಂದು ಪಾಲಿನಲ್ಲಿ. ಈ ಸಲ ಎಂಜಿನು ಕೆಮ್ಮುತ್ತ ಹೊಗೆ ಕಾರಿತು, ಪ್ಲಗ್ಗು ಕಪ್ಪಾಗಿ ಒದ್ದೆಯಾಗಿತ್ತು. ಆದರೂ ಹೊಸ ಊರಿನಲ್ಲಿ ಹೆಚ್ಚಿನ ಕಡೆಯಿಂದಲೇ ಇಳಿದು ಬರಬೇಕು. ಕೊಬ್ಬಿದ ಮಿಶ್ರಣದಿಂದ ಕೆಡುವುದು ಪ್ಲಗ್ಗು ಮಾತ್ರ, ಬಡಕಲು ಮಿಶ್ರಣದಿಂದ ಕೆಡುವುದು ಪಿಸ್ಟನು. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯನ್ನು ನಾವೇ ಅಳೆದು ಬೆರಸಿದೆವು. ಡಬ್ಬಿಯ ಮುಚ್ಚಳ ತೆರೆದೊಡನೆ ಬಾಣಂತಿ ಕೋಣೆಯ ವಾಸನೆ ಬಂದಿತು. ಪಂದ್ಯದ ಎಣ್ಣೆಗಳಲ್ಲಿ ಇಂದಿಗೂ ಹರಳೆಣ್ಣೆಯ ಪಾಲುಂಟು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಆ ಎಣ್ಣೆಯ ಇಂಗ್ಲಿಷು ಹೆಸರಿನಿಂದ. 160ಕ್ಕೆ ಇಳಿಸಿದ ಮೇಲೆ ಎಂಜಿನಿನ ಕಂಠ ಬಿಚ್ಚಿಕೊಂಡಿತು. ಹಿಂದಿನ ಹಲ್ಲುಗಾಲಿಯನ್ನು ಎರಡು ಹಲ್ಲು ಹೆಚ್ಚಿರುವುದಕ್ಕೆ ಬದಲಿಸಿದಾಗ, ಆ ಸಣ್ಣ ಅಂಗಳದಲ್ಲಿಯೂ ಅಲೆಯ ಲೆಕ್ಕ ಕೂಡುವ ಸುತ್ತಿಗೆ ಅದು ಬೇಗ ಏರತೊಡಗಿತು. ಪ್ಲಗ್ಗನ್ನು ಬಿಚ್ಚಿದರೆ ಸೋಸಿದ ಕಾಫಿಯ ಚರಟದ ಬಣ್ಣ.

ಹುಡುಗನು ಹೆಲ್ಮೆಟನ್ನು ತೆಗೆದು, ಬೆವರೊರಸಿಕೊಂಡು, ಬೆಂಗಳೂರಿನಲ್ಲಿ ಇದು ಹೀಗೆ ಎಂದೂ ಎಳೆದಿರಲಿಲ್ಲವೆಂದನು. ದಪ್ಪ ಗಾಳಿಯ ಪುಣ್ಯವೂ ಅದರಲ್ಲಿ ಇದೆಯೆಂದೂ, ಊರಿಗೆ ಮರಳಿದೊಡನೆ ಜೆಟ್ಟನ್ನು ಬದಲಿಸಲು ಮರೆಯಬಾರದೆಂದೂ ನಾವು ಎಚ್ಚರಿಸಿದೆವು. ಅವನು ಕೇಳಿದನೋ ಇಲ್ಲವೋ, ಆಗಲೇ ನೀರು ಕುಡಿಯಲು ಓಡಿದ್ದನು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆವು. "ಅಣ್ಣಯ್ಯ, ಆ ಎಂಜಿನ್..." ಎನ್ನುವಷ್ಟರಲ್ಲಿ ಅವನು ನಮ್ಮ ಕೈಯಲ್ಲಿದ್ದ ಪ್ಲಗ್ಗನ್ನು ತೆಗೆದುಕೊಂಡು, ಮುಳುಗುವ ಬಿಸಿಲಿಗೆ ಹಿಡಿದು, ತಿರುವಿ ತಿರುವಿ ನೋಡಿದನು.

"ಗೊತ್ತಿತ್ತ್" ಎಂದನು. ಸ್ವಲ್ಪ ಹೊತ್ತಿನ ಮೇಲೆ, "ಅವ್ಳಿಗೂ ಗೊತ್ತಿತ್ತ್" ಎಂದನು.

ಹುಡುಗನು ಬಾಯೊರಸಿಕೊಳ್ಳುತ್ತ ಬಂದಾಗ ಅಣ್ಣಯ್ಯನು ಪ್ಲಗ್ಗನ್ನು ಅವನ ಕೈಯಲ್ಲಿಟ್ಟು, "ಇನ್ನೊಂದ್ ಸಲ ಓಡ್ಸ್, ಕಾಂಬ" ಎಂದು ಗಿರಣಿಯ ಮೆಟ್ಟಲಿನ ಮೇಲೆ ಕುಳಿತು, ಪಕ್ಕದಲ್ಲಿ ನಮಗೂ ಜಾಗ ಬಿಟ್ಟನು. ಡಬ್ಬಿಯ ಪೆಟ್ರೋಲು ಮುಗಿಯುವ ವರೆಗೂ ಹುಡುಗನು ಓಡಿಸಿದನು.